ಐದನೆಯ ಫೌಲು

ಅಂಗಿಯ ಬಲತೋಳಿನೊಳಗೆ ಕೈ ಹೋಗಲೊಲ್ಲದು. ಎಡಗೈಯಿಂದ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಕೈ ಎಂಬಂತೆ ತೋಳಿನೊಳಗೆ ಇಳಿಬಿಟ್ಟು, ಧೊಂಡಿಬಾ ಬೀದರದ ಅತಿಥಿಗೃಹದ ಕನ್ನಡಿಯ ಮುಂದೆ ಹಲ್ಲು ಕಚ್ಚಿ ನಿಂತ. ಭುಜ ಹೆಪ್ಪುಗಟ್ಟಿದೆ ಎಂದಿದ್ದರು ಕಲಬುರಗಿಯ ಡಾಕ್ಟರು. ಐವತ್ತು ದಾಟಿದವರಿಗೆ ಬರುವಂಥದ್ದು, ತಾನಾಗಿ ಬಂದು ತಾನಾಗಿ ಹೋಗುತ್ತದೆ, ದಿನಾ ಗೋಡೆಗೆ ಬೆರಳೂರಿ ಮೇಲಕ್ಕೆ ನಡೆಸಿ ಎಂದು ತೋರಿಸಿಕೊಟ್ಟಿದ್ದರು. ಆರಡಿ ಮೂರಂಗುಲದ ಆಳು, ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಎದ್ದು ನಿಂತರೆ ಎದುರಿನ ವಕೀಲರು ಫೈಲನ್ನು ಇನ್ನೊಮ್ಮೆ ತಿರುವಿ ನೋಡುವಂಥ ಆಳು, ಬೆಳಗೆದ್ದು ಗೋಡೆಯ ಮೇಲೆ ಹಲ್ಲಿಯ ಹಾಗೆ ಬೆರಳು ಹತ್ತಿಸುತ್ತ ನಿಲ್ಲುವುದೆಂದರೆ! ಬೆರಳು ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಇದೇ ಕೈ ಮೂವತ್ತೇಳು ವರ್ಷದ ಹಿಂದೆ ರಿಂಗಿನ ಕಬ್ಬಿಣ ಮುಟ್ಟಿ ಬರುತ್ತಿತ್ತು. ಡಾಬಕಾದ ಕುರಿಗಾರರ ಮಗ ಬೀದರದ ಕಾಲೇಜು ಸೇರಿದಾಗ ಪಿ.ಟಿ. ಮೇಷ್ಟ್ರು ಅವನ ಮುಖ ನೋಡಲಿಲ್ಲ, ಅಂಕಪಟ್ಟಿ ನೋಡಲಿಲ್ಲ, ಬಾಗಿಲ ಚೌಕಟ್ಟಿಗೆ ತಾಗಿದ ತಲೆ ನೋಡಿ ಬಾಸ್ಕೆಟ್‌ಬಾಲ್ ತಂಡಕ್ಕೆ ಹಾಕಿಕೊಂಡರು. ಅಲ್ಲಿಯ ತನಕ ಅವನು ಆ ಚೆಂಡನ್ನು ಮುಟ್ಟಿದ್ದೇ ಇಲ್ಲ. ಎರಡು ವರ್ಷದಲ್ಲಿ ಬೀದರ, ಭಾಲ್ಕಿ, ಔರಾದದ ಹುಡುಗರೆಲ್ಲ ಅವನ ಆಟ ನೋಡಲೆಂದೇ ಸೈಕಲ್ಲು ತುಳಿದುಕೊಂಡು ಬರುವ ಹಾಗಾಯಿತು.

ಮೇಜಿನ ಮೇಲೆ ಎರಡು ಹಾಳೆ ಇದ್ದವು. ಅವನ ಕೈಕೆಳಗಿನ ಕಿರಿಯ ವಕೀಲೆ ನಾಜಿಯಾ ನಿನ್ನೆ ಸಂಜೆ ತಂದಿಟ್ಟು ಹೋದದ್ದು. ‘ನಾನು, ನಾಜಿಯಾ, ತಂದೆ ಮುಜಮ್ಮಿಲ, ವಯಸ್ಸು ಇಪ್ಪತ್ತಾರು, ವೃತ್ತಿ ವಕೀಲಿ, ಸಾಕಿನ್ ಚಿದ್ರಿ, ಬೀದರ, ಪ್ರಮಾಣ ಮಾಡಿ ಹೇಳುವುದೇನೆಂದರೆ, ಸದರಿ ತೀರ್ಪಿನ ನಕಲು ನನ್ನ ವಶದಲ್ಲಿದ್ದು, ನನ್ನ ಅಲಕ್ಷ್ಯದಿಂದ ಬೇರೆ ಕಡತಗಳೊಡನೆ ಸೇರಿಹೋಗಿ…’ ಅಲ್ಲಿಂದ ಮುಂದೆ ಅವನು ಓದಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ, ಏಕೆಂದರೆ ಅದರಲ್ಲಿದ್ದದ್ದು ಸುಳ್ಳು ಎಂದು ಬಲ್ಲವರು ಲೋಕದಲ್ಲಿ ಇಬ್ಬರೇ, ಬರೆದವಳು ಮತ್ತು ಓದುತ್ತಿದ್ದವನು. ಡಾಬಕಾದ ಪುತಳಾಬಾಯಿಯ ದಾವೆ ಅದು. ಅವನ ಅಪ್ಪನ ತಂಗಿ, ಎಪ್ಪತ್ತರ ಹೆಂಗಸು, ಈಗಲೂ ಅರವತ್ತು ಕುರಿ ಕಾಯುತ್ತಾಳೆ. ಮೂರು ತಲೆಮಾರಿನಿಂದ ಕುರಿ ತರುಬುತ್ತಿದ್ದ ಜಾಗಕ್ಕೆ ಪಕ್ಕದ ಹೊಲದವನು ತಂತಿ ಬೇಲಿ ಬಿಗಿದ. ಔರಾದದ ಕೋರ್ಟು ಬೇಲಿಯವನ ಪರ ತೀರ್ಪು ಕೊಟ್ಟಿತು. ಮೂವತ್ತು ದಿನದೊಳಗೆ ಬೀದರದ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹೋಗಬೇಕಿತ್ತು. ಹೋದದ್ದು ಎಪ್ಪತ್ತೊಂದನೆಯ ದಿನ. ವಿಳಂಬ ಮನ್ನಿಸಿ ಎಂದು ಅರ್ಜಿ ಹಾಕಿದರೆ, ಹೋದ ತಾರೀಖಿನಲ್ಲಿ ನ್ಯಾಯಾಧೀಶರು ಒಂದೇ ಮಾತು ಹೇಳಿದರು: ತೀರ್ಪಿನ ನಕಲು ಯಾರ ಹತ್ತಿರ ಉಳಿದಿತ್ತೋ ಅವರೇ ಪ್ರಮಾಣಪತ್ರ ಕೊಡಲಿ. ಅದನ್ನು ಕೊಡಬೇಕಾದ ತಾರೀಖು ಇವತ್ತು.

ಅವನು ಅವಳನ್ನು ಕೇಳಿರಲಿಲ್ಲ. ಈ ಮಾತನ್ನು ರಾತ್ರಿಯಿಂದ ಹತ್ತು ಸಲ ತನಗೆ ತಾನೇ ಹೇಳಿಕೊಂಡಿದ್ದ. ಕೇಳಿರಲಿಲ್ಲ ನಿಜ, ಬೇಡ ಅಂತಲೂ ಅಂದಿರಲಿಲ್ಲ. ಹಾಳೆ ಮುಂದಿಟ್ಟಾಗ ‘ಹ್ಞೂಂ’ ಎಂದಿದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ‘ಹ್ಞೂಂ’. ವಕೀಲಿ ವೃತ್ತಿಯಲ್ಲಿ ಇದೇನು ಹೊಸದಲ್ಲ. ಇಲ್ಲಿ ತಪ್ಪೆಂಬುದು ನೀರಿದ್ದ ಹಾಗೆ, ಕೆಳಕ್ಕೇ ಹರಿಯುತ್ತದೆ. ಹಿರಿಯ ಮರೆತರೆ ಕಿರಿಯ ಮರೆತ ಎಂದು ಬರೆಯುತ್ತಾರೆ, ಕಿರಿಯ ಮರೆತರೆ ಗುಮಾಸ್ತ, ಗುಮಾಸ್ತ ಮರೆತರೆ ಅವನ ಅಜ್ಜಿ ತೀರಿಕೊಂಡಿದ್ದಳು ಅಂತ. ಒಬ್ಬನೇ ಗುಮಾಸ್ತನ ಒಬ್ಬಳೇ ಅಜ್ಜಿ ನಾಲ್ಕು ಸಲ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವನೂ ಕಿರಿಯನಾಗಿದ್ದಾಗ ಹಿರಿಯರ ಎಷ್ಟು ತಪ್ಪುಗಳಿಗೆ ಸಹಿ ಹಾಕಿಲ್ಲ! ಯಾರೂ ಅದಕ್ಕೆ ಸುಳ್ಳು ಅನ್ನುವುದಿಲ್ಲ, ರೂಢಿ ಅನ್ನುತ್ತಾರೆ. ಆದರೆ ನಾಜಿಯಾ ಸಿವಿಲ್ ಜಡ್ಜ್ ಪರೀಕ್ಷೆಯ ಬರಹ ಪಾಸಾಗಿದ್ದಳು, ಮುಂದಿನ ತಿಂಗಳು ಸಂದರ್ಶನ. ‘ಈ ವಕೀಲೆಯ ಅಲಕ್ಷ್ಯದಿಂದ’ ಎಂದು ಒಂದು ಆದೇಶದಲ್ಲಿ ಬಿದ್ದರೆ ಆ ಸಂದರ್ಶನಕ್ಕೆ ಅವಳು ಹೋಗುವುದೂ ಒಂದೇ, ಬಿಡುವುದೂ ಒಂದೇ. ಇತ್ತ ಅವನ ಹೆಸರೂ ಹೈಕೋರ್ಟಿನಲ್ಲಿ ಹಿರಿಯ ವಕೀಲರೆಂದು ಗೌರವಿಸಬೇಕಾದವರ ಪಟ್ಟಿಯಲ್ಲಿ ಕೂತಿತ್ತು, ಅದರ ತೀರ್ಮಾನವೂ ಮುಂದಿನ ತಿಂಗಳೇ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಏನೆಂದು ಈ ವಯಸ್ಸಿನಲ್ಲಿ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಥೂ ನಿನ್ನ, ಎಂದುಕೊಂಡ ಕನ್ನಡಿಗೆ. ಆಮೇಲೆ ಹಾಳೆಗಳನ್ನು ಮಡಚಿ ಕೋಟಿನ ಜೇಬಿಗೆ ಇಟ್ಟುಕೊಂಡ.

ನಿಜವಾಗಿ ನಕಲು ಇದ್ದದ್ದು ಶಾಲಿನಲ್ಲಿ. ಮೂರೂವರೆ ತಿಂಗಳ ಹಿಂದೆ ಭಾಲ್ಕಿಯಲ್ಲಿ ಅವನಿಗೊಂದು ಸನ್ಮಾನ. ಹಳೆಯ ಆಟಗಾರ, ಇಂದಿನ ಹೆಸರಾಂತ ನ್ಯಾಯವಾದಿ ಎಂದು ಬ್ಯಾನರು. ಅದೇ ಭಾಲ್ಕಿಯ ಮಣ್ಣಿನ ಅಂಗಳದಲ್ಲಿ ಎಂಬತ್ತೆಂಟರ ಅಂತರ ಕಾಲೇಜು ಫೈನಲ್ ಆಡಿದ್ದು, ಹನ್ನೊಂದು ಸೆಕೆಂಡು ಉಳಿದಿರುವಾಗ ಕಡೆಯ ಬುಟ್ಟಿ ಹಾಕಿದ್ದು. ಮೈಕಿನ ಮುಂದೆ ಅದನ್ನೇ ಹೇಳಿದ. ಭಾಷಣದಲ್ಲಿ ಬೇವಿನ ಮರ ಬಂತು, ಹರಿದ ಬೂಟು ಬಂತು, ಬುತ್ತಿಯ ಜೋಳದ ರೊಟ್ಟಿ ಬಂತು. ಜೊತೆಗೆ ಆಡಿದ ಮುಜಮ್ಮಿಲನ ಹೆಸರು ಬರಲಿಲ್ಲ. ಮುಜಮ್ಮಿಲ ಮೂರನೆಯ ಸಾಲಿನಲ್ಲಿ ಮಗಳ ಪಕ್ಕ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ಆ ಚಪ್ಪಾಳೆ ಧೊಂಡಿಬಾನ ಕಪಾಳಕ್ಕೆ ಬಿತ್ತು. ಕೆಳಗಿಳಿಯುವಾಗ ಗದ್ದಲದಲ್ಲಿ ನುಗ್ಗಿ ಬಂದ ಅತ್ತಿ ಪುತಳಾಬಾಯಿ, ಔರಾದದ ತೀರ್ಪಿನ ನಕಲನ್ನು ಅವನ ಕೈಗೆ ತುರುಕಿದಳು. “ಸರ್, ಕೊಡ್ರಿ, ನಾ ಇಟ್ಕೋತೇನಿ,” ಎಂದು ನಾಜಿಯಾ ಕೈ ಚಾಚಿದಳು. “ಇರಲಿ, ನಾನೇ ಓದ್ತೇನಿ,” ಎಂದವನು ಅದನ್ನು ಹೊದಿಸಿದ ಶಾಲಿನಲ್ಲೇ ಸುತ್ತಿ ಕಂಕುಳಿಗೆ ಇರುಕಿಕೊಂಡ. ಅಲ್ಲಿಂದ ಬೇಗ ಹೊರಟರೆ ಸಾಕಾಗಿತ್ತು, ಮುಜಮ್ಮಿಲ ಹತ್ತಿರ ಬಂದು ಮಾತಾಡಿಸುವ ಮೊದಲೇ. ಮನೆಯ ಕಪಾಟಿನಲ್ಲಿ ಸನ್ಮಾನದ ಶಾಲುಗಳದ್ದೇ ಒಂದು ಗುಡ್ಡ. ಅದರ ಮೇಲೆ ಇದೂ ಬಿತ್ತು. ಹೆಂಡತಿ ಆರತಿ ಒಂದು ದಿನ ಯಾರಿಗಾದರೂ ಹೊದೆಯಲು ಕೊಟ್ಟರಾಯಿತೆಂದು ಶಾಲು ಕೊಡವಿದಾಗ ತೀರ್ಪು ನೆಲಕ್ಕೆ ಬಿತ್ತು. ಅಷ್ಟರಲ್ಲಿ ತೀರ್ಪು ಬಂದು ಎಪ್ಪತ್ತು ದಿನ.

ಕಾರು ವೃತ್ತದಲ್ಲಿ ನಿಂತಿತ್ತು. ಪೊಲೀಸಿನವನು ಸೀಟಿ ಊದಿದ. ಇಂಥ ಸೀಟಿ ಕೇಳಿದರೆ ಈಗಲೂ ಧೊಂಡಿಬಾನ ಅಂಗೈ ಬೆವರುತ್ತದೆ. ಆ ಫೈನಲ್ಲಿನಲ್ಲಿ ಎರಡು ನಿಮಿಷ ಉಳಿದಿತ್ತು, ಬೀದರಕ್ಕೆ ಒಂದೇ ಪಾಯಿಂಟಿನ ಮುನ್ನಡೆ, ಗುಲಬರ್ಗಾದ ಹುಡುಗ ಚೆಂಡು ಬಡಿಯುತ್ತ ರಿಂಗಿಗೆ ಎದ್ದ, ಇವರಿಬ್ಬರೂ ಅವನೊಡನೆ ಎದ್ದರು, ಧೊಂಡಿಬಾ ಮತ್ತು ಗಿಡ್ಡ ಮುಜಮ್ಮಿಲ. ಧೊಂಡಿಬಾನ ಕೈ ಆ ಹುಡುಗನ ಮೊಣಕೈಗೆ ಫಟಾರನೆ ಬಡಿಯಿತು. ಸೀಟಿ. ಹಿಂದಿನಿಂದ ಓಡಿ ಬಂದ ರೆಫ್ರಿ ಕಂಡದ್ದು ಎರಡು ಕೆಂಪು ಬನಿಯನ್ನಿನ ಬೆನ್ನು ಮಾತ್ರ. ಒಬ್ಬೊಬ್ಬನಿಗೆ ಐದು ಫೌಲು, ಐದನೆಯದು ಬಿದ್ದರೆ ಆಟದಿಂದ ಹೊರಗೆ. ಇಬ್ಬರವೂ ನಾಲ್ಕು ನಾಲ್ಕಾಗಿದ್ದವು. ಇನ್ನೊಂದು ನಿಯಮವಿತ್ತು ಆಗ, ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ: ಸೀಟಿಯಾದ ಕೂಡಲೇ ಫೌಲು ಮಾಡಿದವನು ತಾನಾಗಿ ಕೈ ಎತ್ತಬೇಕು. “ಯಾರು?” ಎಂದು ರೆಫ್ರಿ ಕೇಳಿದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವ ಇಬ್ಬರು ಕೂತಿದ್ದರು. ಧೊಂಡಿಬಾನಿಗೆ ಅವರ ಬೂಟುಗಳಷ್ಟೇ ಕಂಡವು. ಕೈ ತೊಡೆಗೆ ಅಂಟಿಕೊಂಡು ಬಿಟ್ಟಿತು. ಎತ್ತಬಾರದೆಂದು ಅವನು ತೀರ್ಮಾನಿಸಿದ್ದೇನೂ ಇಲ್ಲ, ಇಷ್ಟು ವರ್ಷ ಅದನ್ನೇ ಹಿಡಿದುಕೊಂಡು ಬದುಕಿದ್ದಾನೆ, ತೀರ್ಮಾನಿಸಿರಲಿಲ್ಲ ಎಂಬುದನ್ನು. ಪಕ್ಕದಲ್ಲಿ ಮುಜಮ್ಮಿಲನ ಕೈ ಮೇಲೆ ಹೋಯಿತು.

ಬುಟ್ಟಿ ಹಾಕಿದ ಮೇಲೆ ಮಂದಿ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಭಾಲ್ಕಿಯ ಸ್ಟೇಷನ್ನಿನ ತನಕ ಹೋದರು. ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಆಟಗಾರರ ಕೋಟಾದಲ್ಲಿ ಲಾ ಕಾಲೇಜಿನ ಸೀಟು, ಅಲ್ಲಿಂದ ಕಪ್ಪು ಕೋಟು. ಮುಜಮ್ಮಿಲನ ಆಟ ಆ ಬೆಂಚಿಗೇ ಮುಗಿಯಿತು. ಚಿದ್ರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ, ಕಿಟಕಿಯ ಜಾಳಿಗೆ, ಗೇಟು, ಆಗೊಮ್ಮೆ ಈಗೊಮ್ಮೆ ಸಾಲೆಗಳಿಗೆ ಬಾಸ್ಕೆಟ್‌ಬಾಲ್ ರಿಂಗು. ಮದುವೆ ಮುಂಜಿಯಲ್ಲಿ ಎದುರಾದರೆ ಹ್ಯಾಂಗಿದ್ದಿ, ಆರಾಮಿದ್ದೇನಿ. ಮೂರು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಬಂದು, “ಇಕಿಗಿ ನಿನ್ನ ಕೈಕೆಳಗ ಹಾಕ್ಕೋ ಧೊಂಡಿಬಾ, ಹುಷಾರ್ ಹುಡುಗಿ,” ಎಂದಾಗ ಧೊಂಡಿಬಾ ಎಷ್ಟು ಅವಸರದಿಂದ ಹೂಂ ಅಂದನೆಂದರೆ ಕುಡಿಯುತ್ತಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಆ ದಿನ ರಾತ್ರಿ ಹಾಯಾಗಿ ನಿದ್ದೆ ಹೋದ, ಎಲ್ಲ ಸರಿಯಾಯಿತೆಂದು ತಿಳಿದು. ಎಂಥ ಮೂರ್ಖ!

ಕೋರ್ಟಿನ ಪಡಸಾಲೆಯಲ್ಲಿ ಪುತಳಾಬಾಯಿ ಕಂಬಕ್ಕೆ ಒರಗಿ, ಕಾಲು ಚಾಚಿ, ಮಡಿಲಲ್ಲಿ ಎಲೆ ಅಡಿಕೆಯ ಚಂಚಿ ಇಟ್ಟುಕೊಂಡು ಕೂತಿದ್ದಳು. ಡಾಬಕಾದಿಂದ ಔರಾದ, ಔರಾದದಿಂದ ಬೀದರ, ಎರಡು ಬಸ್ಸು ಬದಲಿಸಿ ಬಂದವಳು. “ಬಂದೆಲ್ಲೋ ನನ್ನ ಒಂಟಿ,” ಎಂದಳು. ಒಂಟೆ ಎಂಬುದು ಚಿಕ್ಕಂದಿನಿಂದ ಅವನ ಎತ್ತರಕ್ಕೆ ಅವಳಿಟ್ಟ ಹೆಸರು. “ಏನ್ ಆಗೇದ ಹೆಗಲಿಗಿ? ಮ್ಯಾಲಿಂದ ಮ್ಯಾಲ ಮುಟ್ಟಿ ನೋಡ್ಕೋತಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಿದ್ನಂತ, ಹಂಗಾತು ನಿಂದು.” ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಬಾಯಿಗೆ ಬಂದ ಮಾತು ಆಡಿದ್ದಳಷ್ಟೆ. ಧೊಂಡಿಬಾನ ಕೈ ಮಾತ್ರ ಭುಜದಿಂದ ಥಟ್ಟನೆ ಕೆಳಗಿಳಿಯಿತು.

“ನ್ಯಾಯ ಆಗ್ತದಿಲ್ಲೋ ಇವತ್ತ? ಕುರಿ ರಸ್ತಾದ ಮ್ಯಾಲ ಮಲಗ್ಲತ್ತಾವ. ಮೊನ್ನಿ ಟ್ರ್ಯಾಕ್ಟರ್ ಬಂದು ಎರಡು ಮರಿ ಹೋದ್ವು. ಜಾಗಾ ಸಿಗಲಿ ಬಿಡಲಿ, ನಮ್ಮ ಮಾತ ಕೇಳ್ತಾರೋ ಇಲ್ಲೋ ಅಷ್ಟ ಹೇಳು.”

“ಕೇಳ್ತಾರ ಅತ್ತಿ. ಇವತ್ತ ಅದೇ ಅದ, ಕೇಳಬೇಕೋ ಬ್ಯಾಡೋ ಅಂಬೋದು.”

ನಾಜಿಯಾ ಫೈಲು ಅಪ್ಪಿಕೊಂಡು ಬಂದಳು. ಅವನ ಗೌನನ್ನು ತಾನೇ ತೆಗೆದುಕೊಂಡು, ಮೊದಲು ನೋವಿನ ತೋಳಿಗೆ, ಆಮೇಲೆ ಇನ್ನೊಂದಕ್ಕೆ ಹಾಕಿದಳು, ಮನೆಯ ಮುದುಕರಿಗೆ ಹಾಕಿದ ಹಾಗೆ. ಅವಳ ಕೈಯಲ್ಲಿ ಅಪ್ಪನದೇ ಮಚ್ಚೆ, ಹೆಬ್ಬೆರಳ ಬುಡದಲ್ಲಿ. “ಸರ್, ಆ ಅಫಿಡವಿಟ್ ಕೊಡ್ರಿ, ಸಹಿ ಮಾಡೋದು ಉಳಿದದ.” ಅವನು ಜೇಬಿನಿಂದ ತೆಗೆದು ಕೊಟ್ಟ. ಕೊಡುವಾಗ ಬೇರೊಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ವಕೀಲ ಬುದ್ಧಿ ಎದ್ದು ನಿಂತು ವಾದ ಶುರು ಮಾಡಿತು: ಶಾಲಿನಲ್ಲಿ ಸುತ್ತಿ ಮರೆತೆ ಎಂದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ಅದು ಕಾರಣವಲ್ಲ, ನಗೆಪಾಟಲು. ಕಡತಗಳಲ್ಲಿ ಸೇರಿಹೋಯಿತು ಎಂಬುದೇ ಒಪ್ಪುವ ಮಾತು, ಅತ್ತಿಯ ಹಿತ ಅದರಲ್ಲೇ ಇದೆ. ಕಕ್ಷಿದಾರರ ಹಿತಕ್ಕಿಂತ ನಿನ್ನ ಮನಸ್ಸಿನ ಹಗುರ ದೊಡ್ಡದೇ? ವಾದ ಬಿಗಿಯಾಗಿತ್ತು. ಮೂವತ್ತು ವರ್ಷ ಇಂಥ ವಾದಗಳಿಂದಲೇ ಅವನು ಹೆಸರು ಮಾಡಿದ್ದು, ಹಾಗಾಗಿ ಇದರ ಹುಳುಕು ಎಲ್ಲಿದೆ ಎಂಬುದೂ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಹೆಸರು ಕೂಗಿದರು. ಎದುರು ವಕೀಲ ಓಂಪ್ರಕಾಶ ಆಗಲೇ ಎದ್ದು ನಿಂತಿದ್ದ. ಬೀದರದ ವಕೀಲರಲ್ಲಿ ಬಾಯಿ ಜೋರಿನವನೆಂದು ಹೆಸರು. “ಮೇಡಂ, ನಲವತ್ತೊಂದು ದಿನ ವಿಳಂಬ. ತೀರ್ಪಿನ ಕಾಪಿ ಏನು ಹೋಳಗೀರಿ, ಆರಬಾರದಂತ ಮುಚ್ಚಿಡ್ಲಾಕ? ಇಂಥಾ ಅಲಕ್ಷ್ಯ ಯಾರು ಮಾಡ್ಯಾರೋ ಅವರ ಮ್ಯಾಲ ವಕೀಲರ ಪರಿಷತ್ತಿಗೆ ಬರೀಬೇಕ್ರಿ. ಇಲ್ಲಂದ್ರ ಈ ಹೊಸಾ ಹುಡುಗರಿಗಿ ಬುದ್ಧಿ ಬರೂದಿಲ್ಲ.” ಹೊಸ ಹುಡುಗರು ಎನ್ನುವಾಗ ಅವನು ನಾಜಿಯಾಳ ಕಡೆ ನೋಡಿದ. ಅವನಿಗೂ ರೂಢಿ ಗೊತ್ತಿತ್ತು, ಯಾರ ಹೆಸರಿನಲ್ಲಿ ಹಾಳೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾಜಿಯಾ ತಲೆ ತಗ್ಗಿಸಲಿಲ್ಲ. ಹಾಳೆಗಳನ್ನು ಮುಂದೆ ಕೊಟ್ಟಳು. ನ್ಯಾಯಾಧೀಶರು ಮೈಸೂರು ಕಡೆಯ ಹೆಂಗಸು, ಮಾತು ಕಡಿಮೆ. ಹಾಳೆ ತಿರುವಿ, “ಸಹಿ ಇಲ್ಲವಲ್ಲ?” ಎಂದರು. “ಈಗ ಮಾಡ್ತೇನ್ರಿ ಮೇಡಂ, ನಿಮ್ಮ ಮುಂದೇನೇ,” ಎಂದಳು ನಾಜಿಯಾ. ಪೆನ್ನಿನ ಮುಚ್ಚಳ ತೆಗೆದ ಸದ್ದು ಧೊಂಡಿಬಾನಿಗೆ ಸ್ಪಷ್ಟವಾಗಿ ಕೇಳಿಸಿತು. ನ್ಯಾಯಾಧೀಶರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. “ಸಹಿ ಆಮೇಲೆ ಮಾಡುವಿರಂತೆ. ನಾನು ಕೇಳಿದ್ದು ಸರಳವಾಗಿದೆ. ನಕಲು ಯಾರ ಹತ್ತಿರ ಇತ್ತು?”

ಯಾರು? ಮಣ್ಣಿನ ವಾಸನೆ ಮೂಗಿಗೆ ಬಂತು. ಬೇವಿನ ನೆರಳಲ್ಲಿ ಎರಡು ಜೊತೆ ಬೂಟು, ಮೊಣಕೈಗೆ ಬಡಿದ ಅಂಗೈಯ ಉರಿ, ಪಕ್ಕದಲ್ಲಿ ಗಿಡ್ಡನೊಬ್ಬನ ಏದುಸಿರು. ಈಗ ಪಕ್ಕದಲ್ಲಿದ್ದವಳೂ ಗಿಡ್ಡ, ಅವನ ಎದೆಯ ಮಟ್ಟಕ್ಕೆ ಬರುತ್ತಾಳೆ, ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು, ಬಾಯಿ ತೆರೆಯುವ ಮೊದಲಿನ ಉಸಿರು. ಹೆದರಿಕೆಯಾಯಿತು ಅವನಿಗೆ. ಹೆಸರು ಹೋಗುತ್ತದೆಂಬ ಹೆದರಿಕೆಯಲ್ಲ. ಇನ್ನೊಮ್ಮೆ ಕೈ ತೊಡೆಗೆ ಅಂಟಿಕೊಂಡರೆ ಈ ಜನ್ಮದಲ್ಲಿ ಮತ್ತೆ ಏಳುವುದಿಲ್ಲವಲ್ಲ ಎಂಬ ಹೆದರಿಕೆ. ಭುಜದೊಳಗೆ ಹಸಿ ಬಟ್ಟೆ ಹರಿದ ಹಾಗಾಯಿತು. ಕಣ್ಣು ಕತ್ತಲೆಗೂಡಿ ಬಂತು.

“ಧೊಂಡಿಬಾ ಅವರೇ? ಏನಾಯಿತು, ಹುಷಾರಿಲ್ಲವೇ?”

“ಹುಷಾರಿದ್ದೇನೆ ಮೇಡಂ. ನಕಲು ನನ್ನ ಹತ್ತಿರ ಇತ್ತು.”

ನಾಜಿಯಾ “ಸರ್” ಎಂದು ಪಿಸುಗುಟ್ಟಿ ಗೌನಿನ ಅಂಚು ಎಳೆದಳು. ಅವನು ನಿಲ್ಲಿಸಲಿಲ್ಲ. ಮೊದಲ ದಿನದಿಂದಲೂ ತನ್ನ ಹತ್ತಿರವೇ ಇತ್ತು, ಈ ವಕೀಲೆ ಅವತ್ತೇ ಕೇಳಿದ್ದರು, ತಾನೇ ಕೊಡಲಿಲ್ಲ, ಈ ಪ್ರಮಾಣಪತ್ರದಲ್ಲಿ ಬರೆದದ್ದು ನಿಜವಲ್ಲ, ಅದಕ್ಕೆ ಸಹಿ ಬೀಳಬಾರದು ಎಂದ. “ನಿಮ್ಮ ಹತ್ತಿರ ಎಲ್ಲಿತ್ತು?” ಎಂದರು ನ್ಯಾಯಾಧೀಶರು. ಇದೇ ಪ್ರಶ್ನೆಗೆ ಅವನು ಅಂಜಿದ್ದು. “ಶಾಲಿನೊಳಗೆ, ಮೇಡಂ. ಭಾಲ್ಕಿಯಲ್ಲಿ ನನಗೆ ಸನ್ಮಾನ ಇತ್ತು. ಆ ಶಾಲಿನಲ್ಲಿ ಸುತ್ತಿಟ್ಟು ಮರೆತೆ.” ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಕೋರ್ಟೆಲ್ಲ ನಕ್ಕಿತು. ಸಾಕ್ಷಿ ಹೇಳಲು ಬಂದು ಕೂತಿದ್ದ ಹಳ್ಳಿಯವರೂ ನಕ್ಕರು. ಅವನ ಕಿವಿ ಬಿಸಿಯಾದವು. ಓಂಪ್ರಕಾಶ “ಸನ್ಮಾನದ ಶಾಲಿನಾಗ…” ಎಂದು ಬಾಯಿ ತೆರೆದವನು, ಏನು ನೆನಪಾಯಿತೋ, ಅರ್ಧಕ್ಕೇ ಬಿಟ್ಟು ಕೂತುಕೊಂಡ. ಅವನ ಮನೆಯಲ್ಲೂ ಕಪಾಟು ಇದ್ದೀತು. ನ್ಯಾಯಾಧೀಶರು ಮಾತ್ರ ನಗಲಿಲ್ಲ. “ನೀವಿನ್ನು ಕೈ ಇಳಿಸಬಹುದು,” ಎಂದರು. ಆಗಲೇ ಅವನಿಗೆ ತಿಳಿದದ್ದು, ಬಲಗೈ ಕಿವಿಯ ಮಟ್ಟಕ್ಕೆ ಎದ್ದು ಹಾಗೇ ನಿಂತಿತ್ತು.

ಪ್ರಮಾಣಪತ್ರವನ್ನು ಅಲ್ಲೇ ಬೆಂಚಿನ ಮೇಲೆ ಕೂತು ಸ್ವಂತ ಕೈಯಿಂದ ಬರೆದ. ಅಕ್ಷರ ಸೊಟ್ಟಪಟ್ಟ ಬಂದವು. ನಾನು, ಧೊಂಡಿಬಾ, ಸಾಕಿನ್ ಡಾಬಕಾ ಎಂದು ಬರೆದ, ಕಲಬುರಗಿಯ ಬಂಗಲೆಯ ವಿಳಾಸ ಯಾಕೋ ಬರಲಿಲ್ಲ. ಊಟದ ಹೊತ್ತಿನ ನಂತರ ನ್ಯಾಯಾಧೀಶರು ಆದೇಶ ಹೇಳಿ ಬರೆಸಿದರು. ಮೇಲ್ಮನವಿದಾರಳ ವಕೀಲರಾದ ಧೊಂಡಿಬಾ ಅವರ ಸ್ಪಷ್ಟ ಅಲಕ್ಷ್ಯದಿಂದ ವಿಳಂಬವಾಗಿದೆ ಎಂಬುದನ್ನು ದಾಖಲಿಸಲಾಗಿದೆ. ವಕೀಲರ ತಪ್ಪಿಗೆ ಕುರಿ ಕಾಯುವ ಹೆಂಗಸು ನೆಲ ಕಳೆದುಕೊಳ್ಳುವುದು ನ್ಯಾಯವಲ್ಲ. ವಿಳಂಬ ಮನ್ನಿಸಿ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಾಗಿದೆ. ಟೈಪು ಮಾಡುವವಳು ಅವನ ಹೆಸರಿನ ಹತ್ತಿರ ಒಂದು ಗಳಿಗೆ ಬೆರಳು ನಿಲ್ಲಿಸಿ ಮೇಲೆ ನೋಡಿದಳು, ಆಮೇಲೆ ಬಡಿದಳು. ಆ ಸಾಲು ಹೈಕೋರ್ಟಿನ ಪಟ್ಟಿಯವರೆಗೆ ಹೋಗೇ ಹೋಗುತ್ತದೆ. ಹೋಗಲಿ ಎಂದುಕೊಂಡ.

“ಗೆದ್ದೇವೇನೋ?” ಎಂದಳು ಪುತಳಾಬಾಯಿ ಹೊರಗೆ.

“ಇಲ್ಲತ್ತಿ. ಆಟ ಈಗ ಸುರು.”

“ಹಂಗಾರ ಚಲೋ ಆತು. ಮಂದಿ ಯಾಕ ನಕ್ಕರು? ನಿನಗೇನಾರ ಅಂದ್ರೇನು? ಹೆಸರು ಹೇಳು, ನಾ ನೋಡ್ಕೋತೇನಿ.” ಚಂಚಿ ಬಿಗಿದುಕೊಂಡು, ಔರಾದದ ಬಸ್ಸು ತಪ್ಪುತ್ತದೆಂದು ಗೊಣಗುತ್ತ ಹೊರಟಳು.

ನಾಜಿಯಾ ಸಿಟ್ಟಿನಿಂದ ಕೆಂಪಾಗಿದ್ದಳು. “ಯಾಕ ಮಾಡಿದ್ರಿ ಸರ್? ನಿಮ್ಮ ಹೆಸರು ಮ್ಯಾಲ ಹೋಗೇದ. ನನ್ನದೇನು, ಇನ್ನೊಂದ್ಸಲ ಪರೀಕ್ಷಾ ಬರೀತಿದ್ದೆ.”

“ನನ್ನ ತಪ್ಪು ಹೊತ್ಕೋ ಅಂತ ನಿನಗ ಯಾರ್ ಹೇಳ್ಯಾರ?”

“ಯಾರೂ ಹೇಳಿಲ್ರಿ.” ಅವಳ ದನಿ ಇಳಿಯಿತು. “ನಮ್ಮ ಮನ್ಯಾಗ ಹಂಗೇ ಕೇಳ್ಕೋತ ಬೆಳೆದೇವ್ರಿ. ಪ್ರತಿ ಈದಿಗಿ, ಶೀರ್‌ಖುರ್ಮಾ ಬಟ್ಟಲು ಕೈಗಿ ಬಂತಂದ್ರ ಅಬ್ಬಾ ಸುರು ಮಾಡ್ತಾರ, ಭಾಲ್ಕಿ ಫೈನಲ್ಲಿನಾಗ ಕೈ ಎತ್ತಿದ್ದು. ಅಮ್ಮಿ ಅಂತಾಳ, ಬಸ್ ಕರೋಜಿ, ಸಾಕು ಮಾಡ್ರಿ. ಅವರು ಬಿಡೂದಿಲ್ರಿ. 'ಧೊಂಡಿಬಾ ಅಂಗಳದಾಗ ಇದ್ರ ಆಟ ಉಳೀತದ' ಅಂತಾರ.”

ಧೊಂಡಿಬಾ ಕಂಬ ಹಿಡಿದುಕೊಂಡ. ಮೂವತ್ತೇಳು ವರ್ಷ ತಾನು ಯಾರಿಗೂ, ಹೆಂಡತಿಗೂ ಕೂಡ, ಬಾಯಿ ಬಿಡದೆ ಹೂತಿಟ್ಟದ್ದು, ಚಿದ್ರಿಯ ಒಂದು ಮನೆಯಲ್ಲಿ ವರ್ಷಕ್ಕೊಮ್ಮೆ ಹಬ್ಬದ ಪಾಯಸದೊಡನೆ ಹಂಚಿ ತಿನ್ನುವ ಕಥೆಯಾಗಿತ್ತು. ನಾಚಿಕೆಯಾಯಿತು. ನಗುವೂ ಬಂತು. ಎರಡೂ ಒಟ್ಟಿಗೇ ಬಂದದ್ದರಿಂದ ಕಣ್ಣಲ್ಲಿ ನೀರಾಡಿತು. “ನಡಿ,” ಎಂದ, “ನಿಮ್ಮಪ್ಪನ ಅಂಗಡಿಗಿ ಹೋಗಮಿ.” ಅವಳು ಬರಲಿಲ್ಲ. “ನೀವೊಬ್ಬರೇ ಹೋಗ್ರಿ ಸರ್,” ಎಂದಳು.

ಅಂಗಡಿಯ ಮುಂದೆ ಕಬ್ಬಿಣದ ಸರಳುಗಳು ಬಿದ್ದಿದ್ದವು. ಮುಜಮ್ಮಿಲ ಕುಕ್ಕರಗಾಲಲ್ಲಿ ಕೂತು, ಮುಖಕ್ಕೆ ಕರಿ ಗಾಜಿನ ಗುರಾಣಿ ಹಿಡಿದು, ದುಂಡಗೆ ಬಗ್ಗಿಸಿದ ಸರಳಿನ ಎರಡು ತುದಿ ಕೂಡಿಸುತ್ತಿದ್ದ. ಬಾಸ್ಕೆಟ್‌ಬಾಲ್ ರಿಂಗು. ಕಿಡಿ ನಿಂತ ಮೇಲೆ ಗುರಾಣಿ ಇಳಿಸಿ ನೋಡಿದ. ಗಡ್ಡ ಬೆಳ್ಳಗಾಗಿತ್ತು. “ನಾಜಿಯಾ ಫೋನ್ ಮಾಡಿದ್ಲು,” ಎಂದ. “ಶಾಲಿನಾಗ ಸುತ್ತಿದ್ದಿ ಅಂತಲ್ಲೋ. ಅರೆ ವಾ ವಕೀಲ ಸಾಬ!”

“ಮುಜಮ್ಮಿಲ, ಆ ಫೌಲು ನಂದು.”

“ಯಾವ್ದು?”

“ಭಾಲ್ಕಿದು. ಐದನೇದು.”

ಮುಜಮ್ಮಿಲ ನಗಲು ಶುರು ಮಾಡಿದವನು ಕೆಮ್ಮು ಬರುವ ತನಕ ನಕ್ಕ. “ಬಾಜೂಕ ನಿಂತಾವ ನಾ. ನಿನ್ನ ಕೈ ಬಡಿದ ಸಪ್ಪಳ ನನ್ನ ಕಿವ್ಯಾಗ ಆಗ್ಯಾದ. ನನಗ ಬಂದು ಹೇಳ್ತಿ? ಎಷ್ಟು ವರ್ಸ ಹಿಡೀತೋ ನಿನಗ ಇದನ್ನ ಹೇಳ್ಲಾಕ!”

“ಯಾಕ ಎತ್ತಿದಿ ಕೈ?”

“ಗೆಲ್ಲಬೇಕಾಗಿತ್ತು, ಅದಕ್ಕ. ನಾ ಹೊರಗ ಹೋದ್ರ ಒಬ್ಬ ಹೋಗ್ತಾನ, ನೀ ಹೋದ್ರ ಮ್ಯಾಚೇ ಹೋಗ್ತದ. ನಿನ್ನ ಸಲುವಾಗಿ ಎತ್ತೀನಿ ಅಂತ ತಿಳ್ಕೊಂಡಿದ್ದೇನು? ಟೀಮಿನ ಸಲುವಾಗಿ ಎತ್ತಿದ್ದು.” ಸುತ್ತಿಗೆ ತೆಗೆದುಕೊಂಡು ಬೆಸೆದ ಜಾಗದ ಕಿಟ್ಟವನ್ನು ಮೆಲ್ಲಗೆ ಬಡಿದು ಉದುರಿಸಿದ. ಆಮೇಲೆ ನಗು ಇರಲಿಲ್ಲ. “ಸಿಟ್ಟು ಇತ್ತಪ. ಇಲ್ಲ ಅಂದ್ರ ಸುಳ್ಳಾಗ್ತದ. ಫೌಲಿಂದಲ್ಲ. ಮ್ಯಾಚ್ ಮುಗಿದ ಮ್ಯಾಲ ಬರ್ತಿ ಅಂತ ಬೆಂಚಿನ ಮ್ಯಾಲ ಬಾಜೂಕ ಜಾಗಾ ಬಿಟ್ಟು ಕುಂತಿದ್ದೆ. ಹೊತ್ತು ಮುಳುಗೋ ತನ ಕುಂತೆ. ನೀ ಮಂದಿ ಹೆಗಲ ಮ್ಯಾಲ ಹೋಗಿಬಿಟ್ಟಿ.”

ಹೊತ್ತವರು ಕೆಳಗಿಳಿಸಲಿಲ್ಲ ಎನ್ನಬಹುದಿತ್ತು, ರೈಲು ಹೊರಡುವುದರಲ್ಲಿತ್ತು ಎನ್ನಬಹುದಿತ್ತು. ಹೆಗಲ ಮೇಲಿಂದ ಒಂದು ಸಲ ಅವನು ಆ ಬೆಂಚನ್ನು ಕಂಡಿದ್ದ, ಕಂಡು ಮುಖ ತಿರುಗಿಸಿದ್ದ. “ತಪ್ಪಾತು,” ಎಂದ. ಅದು ಕೋರ್ಟಿನಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು.

ಮುಜಮ್ಮಿಲ ರಿಂಗನ್ನು ಎತ್ತಿ ಬೆಳಕಿಗೆ ಹಿಡಿದು ಅದರ ದುಂಡು ನೋಡಿದ. ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿ ಚಹಾ ಎಂದು ಕೂಗಿದ. “ಕೈ ಎಷ್ಟು ಮ್ಯಾಲ ಹೋಗ್ತದ ಈಗ?” ಎಂದು ಕೇಳಿದ.

“ಕಿವಿ ತನ.”

“ಮುಂಜಾನಿ?”

“ಮುಂಜಾನಿ ಗೋಡಿ ಹಿಡ್ಕೊಂಡು ಹೋಗಿತ್ತು. ಕೋರ್ಟಿನಾಗ ಗೋಡಿ ಇಲ್ಲದ ಹೋತು.”

“ಹಂಗಾರ ಆರಾಮಾಗ್ತದ,” ಎಂದ ಮುಜಮ್ಮಿಲ, ಡಾಕ್ಟರ ಹಾಗೆ.

ಅಂಗಡಿಯ ಗೋಡೆಗೆ ಹತ್ತಿ ಒಂದು ಹಲಗೆಯ ಬೆಂಚಿತ್ತು, ಗಿರಾಕಿಗಳು ಕೂರುವಂಥದ್ದು, ಮೇಲೆಲ್ಲ ಕಬ್ಬಿಣದ ಪುಡಿ. ಧೊಂಡಿಬಾ ಕಪ್ಪು ಕೋಟಿನಲ್ಲೇ ಅದರ ಮೇಲೆ ಕೂತ, ನಟ್ಟ ನಡುವೆ. ಮುಜಮ್ಮಿಲ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಬಂದು ಮುಂದೆ ನಿಂತ.

“ಸರಿಯೋ ಅತ್ಲಾಗ,” ಎಂದ.

ಧೊಂಡಿಬಾ ಸರಿದು ಜಾಗ ಮಾಡಿದ.